ಲಜ್ಜೆಯೂ ಚಿಕಿತ್ಸೆಯೂ

ಮಹಾಕೂಟದ ಸೀಮೆಯ ನಾಗನಾಥಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಶಿಲಾಮೂರ್ತಿಯು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ಪ್ರಸವಭಂಗಿಯ ಆ ದೇವಿಗೆ ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲವಿದೆ. ಯಾವ ಅಂಗವನ್ನು ಶಿಲ್ಪಿಯು ಪೂಜಾರ್ಹವೆಂದು ಕಂಡರಿಸಿದನೋ ಅದರ ವ್ಯಾಧಿಯನ್ನು ಹೇಳಿಕೊಳ್ಳುವುದಕ್ಕೆ ನಮ್ಮ ಹೆಣ್ಣುಮಕ್ಕಳು ನಾಚಿ ಮೌನದಲ್ಲಿ ಬೇಯುವುದನ್ನು ನೆನೆದರೆ ನಮಗೆ ವ್ಯಸನವಾಗುತ್ತದೆ.

ಹೆರಿಗೆಯು ತಡೆದು ದಿನಗಟ್ಟಲೆ ಎಳೆದಾಗ ಶಿಶುವಿನ ತಲೆಯ ಒತ್ತಡದಿಂದ ಯೋನಿಗೂ ಮೂತ್ರಾಶಯಕ್ಕೂ ನಡುವಣ ಮಾಂಸವು ರಕ್ತಸಂಚಾರವಿಲ್ಲದೆ ಸತ್ತು ರಂಧ್ರವಾಗುವುದುಂಟು. ಆಗ ಮೂತ್ರವು ಹಗಲಿರುಳೂ ಸೋರುತ್ತದೆ. ಇದು ಯಾವ ಪಾಪದ ಫಲವೂ ಅಲ್ಲ. ಶಸ್ತ್ರವೈದ್ಯರು ಎರಡು ಪದರಗಳನ್ನೂ ಬಿಡಿಸಿ ಬೇರೆಬೇರೆಯಾಗಿ ಹೊಲಿಯುತ್ತಾರೆ. ಗಾಯವು ಜಟಿಲವಾಗಿದ್ದರೆ ಭಗೋಷ್ಠದಡಿಯ ಕೊಬ್ಬನ್ನು ರಕ್ತನಾಳಸಹಿತ ತಂದು ನಡುವೆ ಹಾಸುತ್ತಾರೆ. ಇದರ ಮೂಲಕ್ರಮವನ್ನು ಮಾರ್ಟಿಯಸ್ ಎಂಬ ಜರ್ಮನ್ ವೈದ್ಯನು 1928ರಲ್ಲಿ ಪ್ರಕಟಿಸಿದನು. ಹುಟ್ಟಿನಿಂದಲೇ ಯೋನಿಮಾರ್ಗವಿಲ್ಲದವರಿಗೆ ಚರ್ಮದಿಂದಲೋ ಕರುಳಿನ ತುಂಡಿನಿಂದಲೋ ಅದನ್ನು ನಿರ್ಮಿಸುವ ವಿಧಾನಗಳೂ ಇವೆ.

ರಂಧ್ರವನ್ನು ಮುಚ್ಚುವಲ್ಲಿ ಮೊದಲ ಪ್ರಯತ್ನವೇ ಫಲಿಸುವ ಸಂಭವವು ಹೆಚ್ಚು. ಆದುದರಿಂದ ನುರಿತ ಕೈಗೇ ಒಪ್ಪಿಸಬೇಕು. ಸೊಸೆಯನ್ನು ಹಿತ್ತಿಲ ಮೂಲೆಗೆ ಸರಿಸದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯ ಹಿರಿಯರಾದ ನಮ್ಮ ಧರ್ಮವಲ್ಲವೆ?