ಅಯ್ಯನವರು, ಅಮ್ಮನವರು

ಮೈಸೂರಿನಲ್ಲಿ ಚರ್ಚ್ ಎಂದರೆ ಫಿಲೋಮಿನಾ. ಆಟೊದವರು, ಕಾಲೇಜಿನ ಗೆಳತಿಯರು, ಎಲ್ಲರೂ ನನ್ನನ್ನು ಅಲ್ಲಿಗೇ ಸೇರಿಸಿಬಿಡುತ್ತಾರೆ. ಅದು ಕ್ಯಾಥೊಲಿಕರದು, ನಾವು ಸಿ.ಎಸ್.ಐ. ಎಂದರೆ, "ಓ, ಮಿಷನ್ ಆಸ್ಪತ್ರೆಯವರಾ?" ಅನ್ನುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರೆಲ್ಲ ಸೇರಿ ಶೇ. 1.87, ಅದರೊಳಗೆ ನಾವೊಂದು ಚೂರು. ಆ ಚೂರಿನಲ್ಲೂ ನನ್ನ ತಾಯಿಯ ಕಡೆಯವರು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮನೆತನ ಅವರದು. ಆ ಮಿಷನ್ನಿನ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ಲೂಥರನ್ನರು. ಮೈಸೂರಿಗೆ ಬಂದ ಮೇಲೆ ನಮ್ಮವರು ಇಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ್ದ ಸಭೆಗೆ ಸೇರಿದರು. ಲೂಥರನ್ ಎಂಬ ಹೆಸರು ಹೋಯಿತು. ಕೆಲವು ಹಾಡುಗಳ ರಾಗ, ಲೂಥರನ ಒಂದು ಬೋಧನೆಯ ಬಗ್ಗೆ ಹೆಮ್ಮೆ ಉಳಿಯಿತು: ನಂಬಿದವರೆಲ್ಲರೂ ಯಾಜಕರೇ.

ಎಲ್ಲರೂ ಅಂದರೆ ಯಾರ್‍ಯಾರು? ನಮ್ಮ ಸಭೆಯಲ್ಲಿ ಪಾದ್ರಿ ಅಯ್ಯನವರು, ಅವರ ಹೆಂಡತಿ ಅಮ್ಮನವರು. ಅಮ್ಮನವರು ಸಂಡೇ ಸ್ಕೂಲ್ ನಡೆಸಬೇಕು, ಸ್ತ್ರೀಯರ ಕೂಟ ನೋಡಿಕೊಳ್ಳಬೇಕು, ಹೆರಿಗೆಯ ಮನೆಗೂ ಸಾವಿನ ಮನೆಗೂ ಮೊದಲು ಹೋಗಬೇಕು. ಸಂಬಳ ಅಯ್ಯನವರಿಗೆ. ಅಯ್ಯನವರು ತೀರಿಕೊಂಡರೆ ಪಾದ್ರಿಮನೆಯ ಜೊತೆಗೆ ಆ ಹೆಸರನ್ನೂ ಖಾಲಿ ಮಾಡಬೇಕು.

ಸಿ.ಎಸ್.ಐ. 1970ರ ದಶಕದಲ್ಲೇ ಹೆಂಗಸರಿಗೆ ಗುರುದೀಕ್ಷೆ ಕೊಡತೊಡಗಿತು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಎಗ್ಗೋಣಿ ಪುಷ್ಪಲಲಿತಾ ಅದರ ಮೊದಲ ಮಹಿಳಾ ಬಿಷಪ್ ಆದರು. ನಿಯಮ ಬದಲಾಯಿತು, ಮಾತು ಹಿಂದೆ ಬಿತ್ತು. ನಮ್ಮಲ್ಲಿಗೆ ಮೊದಲ ಸಲ ಮಹಿಳಾ ಪಾದ್ರಿಯೊಬ್ಬರು ಕರ್ತನ ಭೋಜನ ನಡೆಸಲು ಬಂದಾಗ ಕಮಿಟಿಯ ಹಿರಿಯರು ಬಾಗಿಲಲ್ಲೇ ತಡವರಿಸಿದರು. ಅಮ್ಮನವರು ಎಂದರೆ ಯಾವ ಅಯ್ಯನವರ ಹೆಂಡತಿ ಎಂದಾಗುತ್ತದೆ. ಅಯ್ಯನವರು ಎನ್ನಲು ನಾಲಿಗೆ ಏಳದು. ಕೊನೆಗೆ "ಬನ್ನಿ ಮೇಡಂ" ಎಂದರು. ನನಗದು ರುಚಿಸಲಿಲ್ಲ. ಮೇಡಂ ತಾಲ್ಲೂಕು ಕಚೇರಿಯಲ್ಲೂ ಇರುತ್ತಾರೆ. ಅವರೆದುರು ಕೂತು ಯಾರೂ ಕಷ್ಟ ಹೇಳಿಕೊಂಡು ಅಳುವುದಿಲ್ಲ.

ಲೂಥರನಿಗೆ ಈ ತೊಡಕಿರಲಿಲ್ಲ. ಮಠ ಬಿಟ್ಟು ಬಂದ ಸನ್ಯಾಸಿನಿ ಕಥರೀನಾಳನ್ನು ಆತ 1525ರಲ್ಲಿ ಮದುವೆಯಾದ. ಮನೆ, ಹೊಲ, ಬಿಯರ್ ತಯಾರಿ ಎಲ್ಲ ಅವಳದೇ ಉಸ್ತುವಾರಿ. ಪತ್ರಗಳಲ್ಲಿ ಅವಳನ್ನು ಗಂಡಸರಿಗೆ ಬಳಸುವ ಗೌರವಪದ ಹಚ್ಚಿ 'ಯಜಮಾನ ಕೇಟೆ' ಎಂಬಂತೆ ಕರೆಯುತ್ತಿದ್ದ. ತಮಾಷೆಗೆ, ಅಷ್ಟೆ. ಪ್ರಸಂಗಪೀಠ ಹತ್ತಿಸಲಿಲ್ಲ.

ಅವತ್ತು ಆರಾಧನೆ ಮುಗಿದ ಮೇಲೆ, ಎಂಬತ್ತು ದಾಟಿದ ನಮ್ಮ ದೊಡ್ಡಮ್ಮ ಸೀದಾ ಹೋಗಿ ಪಾದ್ರಿಯ ಕೈ ಹಿಡಿದುಕೊಂಡರು. "ಅಯ್ಯನವರೇ, ನಾಳೆ ಮನೆಗೆ ಬನ್ನಿ. ಈ ಮಂಡಿಗೆ ಒಂದು ಪ್ರಾರ್ಥನೆ ಮಾಡಿ." ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಮ್ಮ ತಿರುಗಿದರು: "ನಗೋದೇನು? ಇಂದಿರಾ ಗಾಂಧೀನ ಪ್ರಧಾನಮ್ಮ ಅಂದ್ರಾ?"

ಪಾದ್ರಿಯ ಜೊತೆ ಬಂದಿದ್ದ ಗಂಡ ಬ್ಯಾಂಕಿನಲ್ಲಿದ್ದಾರಂತೆ. ಅಷ್ಟು ಹೊತ್ತಿಗೆ ಅವರು ಕಾಫಿ ಲೋಟಗಳನ್ನು ಹಂಚುತ್ತಿದ್ದರು. ಅವರನ್ನು ಏನೆಂದು ಕರೆಯುವುದೆಂಬ ವಿಷಯ ಮುಂದಿನ ಕಮಿಟಿಗೆ ಹೋಗಿದೆ.