ಬಂಡೆಯಲ್ಲಿ ಉಳಿದ ಹೆಸರು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟವರಿಗೆ ರಾಮನಗರ ಸಮೀಪಿಸುತ್ತಲೇ ಹೆಬ್ಬಂಡೆಗಳ ಬೆಟ್ಟಸಾಲು ಎದುರಾಗುತ್ತದೆ. ದಿವಾನ್ ಪೂರ್ಣಯ್ಯನವರು 1800ರಲ್ಲಿ ಇಲ್ಲಿ ಪೇಟೆ ಕಟ್ಟಿಸಿ, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ನೆನಪಿಗೆ ಅದನ್ನು ಕ್ಲೋಸ್‌ಪೇಟೆಯೆಂದು ಕರೆದರು. ಊರಿನ ಹೆಸರು ಬದಲಾಗಿದ್ದರೂ ಭೂವಿಜ್ಞಾನಿಗಳು ಈ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಕ್ಲೋಸನನ್ನು ಮೈಸೂರಿಗೆ ಕರೆತಂದ ಘಟನಾವಳಿಯ ಹಿಂದೆ ಒಬ್ಬ ರಾಣಿಯ ಹಟವೂ ಇತ್ತು. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡಾಗ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಕಾವಲಿನೊಳಗೆ ಬದುಕುತ್ತಿದ್ದ ಅವರ ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಸಂಧಾನ ನಡೆಸಿ, 1782ರಲ್ಲಿ ಒಪ್ಪಂದವನ್ನೂ ಮಾಡಿಸಿದರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಸೀಮೆಯ ಸಾವನದುರ್ಗವನ್ನೂ ಇಲ್ಲಿಯ ರಾಮಗಿರಿಯನ್ನೂ ಹಿಡಿಯಿತು. ರಾಣಿಗೆ ಮಾತ್ರ ಬಿಡುಗಡೆ ಬರಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು.

ಅದಕ್ಕೆ ತೆತ್ತ ಬೆಲೆಯೂ ಕಡಮೆಯದಲ್ಲ. ಸಿಂಹಾಸನ ಮರಳಿ ಬಂದಿತು. ಅದರ ಪಕ್ಕದಲ್ಲಿಯೇ ರೆಸಿಡೆಂಟನೂ ಬಂದು ಕುಳಿತನು. 1810ರಲ್ಲಿ ರಾಣಿ ಕಣ್ಮುಚ್ಚಿದರು. ಕ್ಲೋಸನ ಹೆಸರಂತೂ ಬಂಡೆಗೆ ಅಂಟಿಕೊಂಡು ಉಳಿದಿದೆ. ಈ ಬಂಡೆಗಳನ್ನು ದಾಟುವಾಗ, ಮೂವತ್ತಮೂರು ವರ್ಷ ಕಾವಲಿನೊಳಗೆ ಕಾದಿದ್ದ ಆ ತಾಯಿಯನ್ನೂ ನೆನೆಯುವುದು ನ್ಯಾಯ.