ನಿಮಗೆ ತೋಚಿದ್ದು ಕೊಡಿ

ನಮ್ಮೂರಿನ ಹೆಸರಿನಲ್ಲಿಯೇ ಮೈಸೂರಿದೆ. ಕಾಲೇಜಿನ ದಿನಗಳಲ್ಲಿ ಯಾರಾದರೂ ಊರು ಕೇಳಿದರೆ ‘ಹಳ್ಳಿ’ಯನ್ನು ಮೆಲ್ಲಗೆ ನುಂಗಿ ‘ಮೈಸೂರು’ ಎಂಬುದನ್ನಷ್ಟೇ ಗಟ್ಟಿಯಾಗಿ ಹೇಳುವ ಚಾಳಿ ನನಗಿತ್ತು. ಹೊಳೆನರಸೀಪುರ ತಾಲ್ಲೂಕಿನ ಈ ಹಳ್ಳಿಮೈಸೂರಿನಲ್ಲಿಯೇ, ಬಿ.ಎ., ಬಿ.ಎಡ್. ಮುಗಿಸಿ ಕೆಲಸದ ಆದೇಶಕ್ಕಾಗಿ ಕಾಯುತ್ತ, 1994ರಿಂದ ನಾಲ್ಕು ವರ್ಷ ನಾನು ರವಿಕೆ ಹೊಲಿದೆ. ಯಂತ್ರ ಅಮ್ಮನದು, ಕಾಲು ನನ್ನದು. ಗಿರಾಕಿಗಳಂತೂ ಎಲ್ಲರೂ ನಮ್ಮವರೇ. ತೊಂದರೆ ಇದ್ದದ್ದೂ ಅಲ್ಲಿಯೇ.

ಬಂದವರು ಮೊದಲು ಅಳತೆ ರವಿಕೆ ಕೊಡುತ್ತಿದ್ದರು. “ಇದರ ಹಂಗೇ ಹೊಲಿ ಕಣಮ್ಮಿ” ಎನ್ನುವರು. ಹೊಸಿಲು ದಾಟುವ ಮುನ್ನ ತಿರುಗಿ, “ತೋಳು ಮಾತ್ರ ಒಂಚೂರು ಉದ್ದ ಇರ್ಲಿ, ಕಂಕುಳು ಸಡಿಲ ಮಾಡು, ಕುತ್ತಿಗೆ ಇಷ್ಟು ಇಳೀಬಾರ್ದು” ಎನ್ನುವರು. ಅಳತೆ ರವಿಕೆಯಲ್ಲಿ ಇನ್ನು ಉಳಿದಿದ್ದು ಹುಕ್ಕುಗಳು ಮಾತ್ರ! ಬಟ್ಟೆ ತಂದಿರುವುದೇ ಮುಕ್ಕಾಲು ಮೀಟರು. ಅದರಲ್ಲಿಯೂ “ಮಿಕ್ಕಿದ್ದು ಕೊಟ್ಬುಡು, ಮಗೀಗೆ ಟೋಪಿ ಆಯ್ತದೆ” ಎಂಬ ಬೇಡಿಕೆ ಬೇರೆ.

ಕೂಲಿಯ ಮಾತು ಬಂದಾಗ ನಾನು ಹೇಳುತ್ತಿದ್ದುದು ಒಂದೇ ಮಾತು: “ನಿಮಗೆ ತೋಚಿದ್ದು ಕೊಡಿ ಅತ್ತೆ.” ಓದಿದ ಹುಡುಗಿ, ದುಡ್ಡು ಕೇಳುವುದು ಹೇಗೆ ಎಂಬ ಸಂಕೋಚ. ಅವರಿಗೆ ತೋಚುತ್ತಿದ್ದುದು ಹತ್ತು ರೂಪಾಯಿ, ಜೊತೆಗೊಂದು ಕಟ್ಟು ದಂಟಿನ ಸೊಪ್ಪು. ಹಾಸನದ ಟೈಲರು ಕೇಳಿದಷ್ಟನ್ನು ಎಣಿಸಿ ಕೊಟ್ಟು ಬರುವ ಕೈಯೇ ನಮ್ಮ ಜಗಲಿಯಲ್ಲಿ ಮುದುಡಿಕೊಳ್ಳುತ್ತಿತ್ತು. “ನೀನೇನು ಅಂಗಡಿ ಬಾಡಿಗೆ ಕಟ್ಟಬೇಕಾ? ಮನೇಲೇ ಕೂತಿದ್ದೀಯಲ್ಲ” ಎಂಬುದು ಅವರ ನ್ಯಾಯ. ಹೊಲಿಯುವವಳು ಮನೆಯಲ್ಲಿದ್ದರೆ ಅವಳು ಕೂತಿದ್ದಾಳೆಯೇ ಹೊರತು ಕೆಲಸ ಮಾಡುತ್ತಿಲ್ಲ!

1996ರ ಗೌರಿ ಹಬ್ಬ ಮಾತ್ರ ಮರೆಯುವಂತಿಲ್ಲ. ತವರಿನಿಂದ ಬಂದ ರವಿಕೆ ಬಟ್ಟೆಗಳೆಲ್ಲ ಹಬ್ಬದ ಬೆಳಗ್ಗೆ ಮೈಮೇಲೆ ಇರಲೇಬೇಕು. ಹಿಂದಿನ ರಾತ್ರಿ ಕರೆಂಟು ಹೋಗಿ, ಲಾಟೀನಿನ ಬೆಳಕಿನಲ್ಲಿ ಏಳು ರವಿಕೆಗಳಿಗೆ ಹೆಮ್ಮಿಂಗು ಹಾಕಿದೆ. ಅದರಲ್ಲೊಂದು ರೇಷ್ಮೆಯದು. ಅದನ್ನು ಉಟ್ಟವರು ಮೂರು ಸಲ ವಾಪಸು ತಂದು ಮೂರು ಸಲ ಬಿಚ್ಚಿಸಿ ಹೊಲಿಸಿಕೊಂಡರು. “ಹಬ್ಬ ಕಳೀಲಿ, ಕೊಡ್ತೀನಿ” ಎಂದರು. ಎಷ್ಟು ಹಬ್ಬ ಕಳೆದವೋ! ಆ 25 ರೂಪಾಯಿಯನ್ನು ನಾನು ಹಾಸನಕ್ಕೆ ಹೋಗಿ ಕೆಲಸದ ಅರ್ಜಿ ಕೊಟ್ಟು ಬರುವ ಬಸ್ಸಿನ ಖರ್ಚಿಗೆಂದು ಲೆಕ್ಕ ಹಾಕಿಕೊಂಡಿದ್ದೆ. ಕೊನೆಗೆ ಅಮ್ಮ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಹಣ ತೆಗೆದುಕೊಟ್ಟಳು. ನಾನು ಅವರನ್ನು ಬಯ್ಯುತ್ತಿದ್ದಾಗ ಅವಳೆಂದಳು: “ಅವರ ಕೈಗಿಂತ ನಿನ್ನ ಬಾಯೇ ಬಿಗಿ ಕಣೆ. ಕತ್ತರಿ ಹಾಕೋಕೆ ಮುಂಚೆ ಇಷ್ಟು ಅಂತ ಹೇಳಿದ್ಯಾ?”

ಅದೇ 1996ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಯಲ್ಲಿ ಕೂತು ಕೆಲಸ ಮಾಡುವವರಿಗಾಗಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತ್ತೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ ‘ಸೇವಾ’ ಸಂಘದ ಹೆಂಗಸರು ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರಂತೆ. ಅದು ಗುತ್ತಿಗೆದಾರನಿಗೋ ಕಾರ್ಖಾನೆಗೋ ಮನೆಯಿಂದ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವಂಥವರಿಗೆ; ಬೀದಿಯ ಹೆಂಗಸರ ರವಿಕೆ ಹೊಲಿಯುವ ನನ್ನಂಥವಳು ಅದರೊಳಗೆ ಬರುವುದಿಲ್ಲ. ಆದರೂ ಅದರ ಜೊತೆಗಿನ ಶಿಫಾರಸಿನಲ್ಲಿ ಒಂದು ಮಾತು ಕಂಡು ನನ್ನ ಕಣ್ಣು ನಿಂತಿತು: ದೀಪದ ಖರ್ಚು, ಯಂತ್ರ ಸುಸ್ಥಿತಿಯಲ್ಲಿಡುವ ಖರ್ಚು, ಸಾಮಾನು ಬಿಚ್ಚಿ ಕಟ್ಟುವ ಹೊತ್ತು, ಇವಕ್ಕೂ ಪರಿಹಾರ ಸಿಗಬೇಕು. ನನ್ನ ಲಾಟೀನಿನ ಸೀಮೆಎಣ್ಣೆಯೂ ಲೆಕ್ಕಕ್ಕೆ ಬರುವಂಥದ್ದೇ ಎಂದು ಜಿನೀವಾದಲ್ಲಿ ಯಾರಿಗೋ ಹೊಳೆದಿತ್ತು. ನನಗೇ ಹೊಳೆದಿರಲಿಲ್ಲ.

ಇಷ್ಟೆಲ್ಲ ತಿಳಿದವಳು ನಾನು. ಇನ್ನು ಮುಂದಿನದನ್ನು ಬರೆಯಲು ನಾಚಿಕೆ.

ಹೋದ ವರ್ಷ ನಮ್ಮ ಮನೆಯಲ್ಲಿ ಮದುವೆ. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಹಾಕಲು ನನ್ನ ಹಳೆಯ ವಿದ್ಯಾರ್ಥಿನಿಗೇ ಕೊಟ್ಟೆ. ಅವಳು ಮನೆಯಲ್ಲೇ ಕುಚ್ಚು, ಫಾಲ್ಸ್ ಕೆಲಸ ಮಾಡುತ್ತಾಳೆ. ಮೊದಲು ಸಾದಾ ಕುಚ್ಚು ಎಂದೆ. ಆಮೇಲೆ ಮಣಿ ಬೇಕೆಂದೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಬೇರೊಂದು ಚಿತ್ರ ಕಳಿಸಿ “ಇದೇ ಚೆನ್ನಾಗಿದೆ ಅಲ್ವೇನೇ?” ಎಂದೆ. ಪಾಪ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಸೀರೆ ತರಲು ಹೋದಾಗ ಎಷ್ಟಾಯಿತೆಂದು ಕೇಳಿದೆ. ಅವಳು ನೆಲ ನೋಡುತ್ತ, “ನಿಮಗೆ ತೋಚಿದ್ದು ಕೊಡಿ ಮೇಡಂ” ಎಂದಳು.

ನನಗೆ ತೋಚಿದ್ದು ಮುನ್ನೂರು! ಕೊಟ್ಟು ಬಂದೂಬಿಟ್ಟೆ. ಮನೆಗೆ ಬಂದು ಸೆರಗು ಹರವಿ ಒಂದೊಂದೇ ಗಂಟು ನೋಡುತ್ತಿದ್ದಾಗ ಆ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಅದು ನನ್ನದೇ ದನಿ. ಹಾಗಾದರೆ ಈಗ ಜಗಲಿಯ ಮೇಲೆ ಕೈ ಮುದುಡಿಕೊಂಡು ನಿಂತವಳು ಯಾರು?

ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋಗಿ, ಹಾಳೆ ಪೆನ್ನು ಕೊಟ್ಟು ಲೆಕ್ಕ ಬರೆಸಿದೆ. ದಾರ, ಮಣಿ, ಎರಡು ದಿನದ ಕೆಲಸ, ಬಿಚ್ಚಿ ಕಟ್ಟಿದ ಹೊತ್ತು. ಬಿಚ್ಚಿದ್ದನ್ನು ಬರೆಯಲು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಒಟ್ಟು 750 ರೂಪಾಯಿ. ಬಾಕಿ 450 ಎಣಿಸಿ ಕೊಟ್ಟೆ. ಅಮ್ಮ ನನಗೆ ಹೇಳಿದ್ದನ್ನು ಅವಳಿಗೂ ಹೇಳಿದೆ. ಈಗ ಅವಳ ಬಾಗಿಲ ಪಕ್ಕ ದರದ ಪಟ್ಟಿ ತೂಗುತ್ತಿದೆ. ಕೊನೆಯ ಸಾಲಿನಲ್ಲಿ ‘ಅರ್ಧ ಹಣ ಮುಂಗಡ’ ಎಂದಿದೆ.

“ಇಬ್ಬರು ಬರೋದು ಬಿಟ್ರು ಮೇಡಂ” ಎಂದಳು ಮೊನ್ನೆ.

“ಮಿಕ್ಕವರು?”

“ಓದ್ಕೊಂಡು, ಮುಖ ಸಣ್ಣಗೆ ಮಾಡ್ಕೊಂಡು, ಕೊಡ್ತಾರೆ.”

ಬಿಟ್ಟುಹೋದ ಇಬ್ಬರ ಚಿಂತೆ ನನಗೂ ಇದೆ. ಅವರ ದುಡ್ಡಿಲ್ಲದೆ ಆ ತಿಂಗಳು ಅವಳಿಗೆ ಕಷ್ಟವೇ ಆಯಿತು. ಆದರೆ ಬೆಲೆ ಹೇಳುವ ಕಷ್ಟವನ್ನೆಲ್ಲ ಅವಳೊಬ್ಬಳ ಮೇಲೆಯೇ ಏಕೆ ಹಾಕಬೇಕು? ಕೇಳುವ ಕೆಲಸ ನಮ್ಮದೂ ಅಲ್ಲವೇ? ಈ ಸಲ ಬಟ್ಟೆ ಕೊಡುವಾಗಲೇ “ಎಷ್ಟಮ್ಮಾ?” ಎಂದು ಕೇಳಿ ನೋಡಿ. ಅವಳು ತಲೆಯೆತ್ತಿ ಉತ್ತರ ಕೊಡುತ್ತಾಳೆ.

ಗೌರಿ ಹಬ್ಬಕ್ಕೆ ನಾನೂ ಮುಂಗಡ ಕೊಟ್ಟು ಬಂದಿದ್ದೇನೆ. ಜೊತೆಗೆ ಹಿತ್ತಿಲ ಸೊಪ್ಪಿನ ಒಂದು ಕಟ್ಟನ್ನೂ ಒಯ್ದಿದ್ದೆ. ಅದು ಪ್ರೀತಿಗೆ, ಲೆಕ್ಕಕ್ಕಲ್ಲ.